ಬೆರಳಿನ ಬಿರುಸಿಗೆ ಬಾಯಿ ತೆರೆಯುವ ಗಿಟಾರು

ಒಂದೇ ಶ್ರುತಿಯಲ್ಲಿ, ಉಸಿರು ಕಡಿಯದೆ ‘ಊ’ ಎಂದು ಹಿಡಿದು ನಿಧಾನವಾಗಿ ‘ಆ’ ಎಂಬಲ್ಲಿಗೆ ಬನ್ನಿ. ಗಂಟಲು ಹೊರಡಿಸಿದ ಸ್ವರ ಒಂದೇ. ಬದಲಾದದ್ದು ಬಾಯಿಯ ಆಕಾರ. ತುಟಿ ತೆರೆದಂತೆ ನಾದದೊಳಗಿನ ಹೆಚ್ಚು ಆವರ್ತನದ ಕಂಪನಗಳಿಗೆ ಒತ್ತು ಸಿಗುತ್ತದೆ. ‘ವಾ’ ಎಂಬ ಉದ್ಗಾರದ ಗುಟ್ಟು ಇದೇ.

ಔರಾದ ಕಡೆಯ ಭಜನೆಗಳಲ್ಲಿ ತಬಲಜಿ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಏಳುವ ‘ಗೂಂವ್’ ಸದ್ದೂ ಇದೇ ಜಾತಿಯದು ಎನಿಸಬಹುದು. ಅಲ್ಲ. ಅಲ್ಲಿ ಚರ್ಮದ ಬಿಗಿ ಹೆಚ್ಚಿ ಶ್ರುತಿಯೇ ಏರುತ್ತದೆ. ‘ವಾ’ದಲ್ಲಿ ಶ್ರುತಿ ಇದ್ದಲ್ಲೇ ಇದ್ದು ನಾದದ ಬಣ್ಣ ಮಾತ್ರ ಬದಲಾಗುತ್ತದೆ.

ಗಿಟಾರಿಗೆ ಈ ಬಾಯಿಯನ್ನು ಕೊಟ್ಟದ್ದು 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯಲ್ಲಿ ರೂಪುಗೊಂಡ ವಾ ಪೆಡಲ್. ವಾದಕ ಕಾಲಿನಿಂದ ತುಳಿದಂತೆ ಒಳಗಿನ ಫಿಲ್ಟರ್ ಸರಿದಾಡುತ್ತಿತ್ತು. 1972ರಲ್ಲಿ ಮೈಕ್ ಬೀಗಲ್ ರೂಪಿಸಿದ ‘ಮ್ಯೂ-ಟ್ರಾನ್ 3’ ಕಾಲಿನ ಕೆಲಸವನ್ನು ಬೆರಳಿಗೇ ಒಪ್ಪಿಸಿತು. ಸ್ಟೀವಿ ವಂಡರ್ ಅದನ್ನು ತಮ್ಮ ಕೀಬೋರ್ಡಿಗೆ ಜೋಡಿಸಿ 1973ರಲ್ಲಿ ‘ಹೈಯರ್ ಗ್ರೌಂಡ್’ ನುಡಿಸಿದರು. ಇದೇ ಆಟೊ ವಾ.

ಇದರೊಳಗೆ ಗಿಟಾರಿನ ವಿದ್ಯುತ್ ಸಂಕೇತ ಎರಡು ದಾರಿ ಹಿಡಿಯುತ್ತದೆ. ಒಂದು ನೇರ ಫಿಲ್ಟರಿಗೆ. ಇನ್ನೊಂದು ಡಯೋಡುಗಳ ಮೂಲಕ ಏಕಮುಖವಾಗಿ, ಕೆಪಾಸಿಟರಿನಲ್ಲಿ ತುಂಬಿ, ಏರಿಳಿತ ತಗ್ಗಿದ ವೋಲ್ಟೇಜ್ ಆಗುತ್ತದೆ. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಪರೀಕ್ಷೆಗೆಂದು ಚಿತ್ರ ಬರೆದು ಕಲಿಯುವ ರೆಕ್ಟಿಫೈಯರೇ ಇದು! ತಂತಿ ಜೋರಾಗಿ ಮೀಟಿದಷ್ಟೂ ಈ ವೋಲ್ಟೇಜ್ ಏರುತ್ತದೆ, ಪುಟ್ಟ ಎಲ್‌ಇಡಿ ಹೆಚ್ಚು ಬೆಳಗುತ್ತದೆ. ಆ ಬೆಳಕು ಬಿದ್ದ ಎಲ್‌ಡಿಆರ್‌ನ ರೋಧ ಇಳಿದು ಫಿಲ್ಟರಿನ ಆವರ್ತನ ಮೇಲೇರುತ್ತದೆ. ‘ಊ’ ಹೋಗಿ ‘ಆ’ ಬಂತು.

ಹೊಂದಿಸುವಾಗ ಮೊದಲು ಮುಟ್ಟಬೇಕಾದ ತಿರುಗಣೆ ‘ಸೆನ್ಸಿಟಿವಿಟಿ’. ಮೆಲ್ಲಗೆ ಮೀಟಿದರೆ ಬಾಯಿ ಮುಚ್ಚಿರಬೇಕು, ಬಿರುಸಾಗಿ ಮೀಟಿದರೆ ಪೂರ್ತಿ ತೆರೆಯಬೇಕು. ಸದಾ ತೆರೆದೇ ಇದ್ದರೆ ಇಳಿಸಿ, ತೆರೆಯದೇ ಹೋದರೆ ಏರಿಸಿ. ಗಿಟಾರು ಬದಲಾದರೆ, ನುಡಿಸುವ ಕೈ ಬದಲಾದರೆ ಮತ್ತೆ ಹೊಂದಿಸಲೇಬೇಕು. ‘ಪೀಕ್’ ಅತಿಯಾದರೆ ಸದ್ದು ಸಿಳ್ಳೆಯಂತಾಗುತ್ತದೆ. ದಿಕ್ಕು ತಿರುಗಿಸುವ ಸ್ವಿಚ್ ಒತ್ತಿದರೆ ‘ಆ’ಯಿಂದ ‘ಊ’ಗೆ ಇಳಿಯುತ್ತದೆ. ಜೋರು–ಮೆದುಗಳನ್ನು ಸಮ ಮಾಡುವ ಕಂಪ್ರೆಸರನ್ನು ಇದರ ಮುಂಚೆ ಜೋಡಿಸಿದರೆ ಕೆಲಸ ಕೆಟ್ಟಂತೆ. ಬೆರಳಿನ ವ್ಯತ್ಯಾಸವೇ ಒಳಗೆ ತಲುಪುವುದಿಲ್ಲ.

ಮಗ ಅಥವಾ ಮಗಳು ಗಿಟಾರು ಹಿಡಿದರೆ ಓದು ಹಾಳಾಯಿತೆಂದು ಪಾಲಕರು ಗಾಬರಿಯಾಗುವುದುಂಟು. ಆದರೆ ಬೀದರಿನ ಗುರುನಾನಕ್ ದೇವ್ ಕಾಲೇಜಿನಲ್ಲೋ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಲ್ಲೋ ಎಂಜಿನಿಯರಿಂಗ್ ಓದುವವರಿಗೆ ಇದು ಒಳ್ಳೆಯ ಪ್ರಯೋಗ. ದುಬಾರಿ ಪೆಡಲ್ ಕೊಳ್ಳಬೇಕಿಲ್ಲ. ಆಪ್‌-ಆಂಪ್, ಡಯೋಡು, ಎಲ್‌ಇಡಿ, ಎಲ್‌ಡಿಆರ್‌ಗಳಿಂದ 9 ವೋಲ್ಟ್ ಬ್ಯಾಟರಿಯಲ್ಲೇ ಕಟ್ಟಬಹುದು. ಮನೆಯ ಕರೆಂಟಿನ ಗೊಡವೆ ಬೇಡ. 1 ಲಕ್ಷ ಓಮ್ ರೋಧಕದೊಡನೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಟ್ಟರೆ ಕಾಲಸ್ಥಿರಾಂಕ 0.1 ಸೆಕೆಂಡು, ಬಾಯಿ ಚಟ್ಟನೆ ಮುಚ್ಚುತ್ತದೆ. 4.7 ಮೈಕ್ರೊಫ್ಯಾರಡ್ ಹಾಕಿದರೆ 0.47 ಸೆಕೆಂಡು, ಅದೇ ಸ್ವರ ಆಕಳಿಸುತ್ತಾ ಮುಗಿಯುತ್ತದೆ.