ಹೆಸರು ಜಾವಾದಲ್ಲಿ, ಕೆಲಸ ಸಿ ಭಾಷೆಯಲ್ಲಿ

ಈಗ ಸಮಯ ಎಷ್ಟು ಎಂಬುದನ್ನು ಜಾವಾ ಪ್ರೋಗ್ರಾಮ್ ತಾನೇ ಕಂಡುಕೊಳ್ಳಲಾರದು, ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳಬೇಕು. ಅದರೊಂದಿಗೆ ನೇರವಾಗಿ ವ್ಯವಹರಿಸುವುದು ಸಿ, ಸಿ++ ಭಾಷೆಗಳಿಗೆ ಸಲೀಸು. ಹಾಗಾಗಿ ಜಾವಾದ ಕೆಲವು ಮೆಥಡ್‌ಗಳಿಗೆ ಹೆಸರಷ್ಟೇ ಉಂಟು, ಒಡಲಿಲ್ಲ. 'ನೇಟಿವ್' ಎಂಬ ಗುರುತು ಹೊತ್ತ ಇವುಗಳ ಕೆಲಸ ನಡೆಯುವುದು ಬೇರೆ ಭಾಷೆಯಲ್ಲಿ ಬರೆದ ಲೈಬ್ರರಿಯೊಳಗೆ.

ಈ ಕೊಡುಕೊಳೆಗೆ 1997ರ ಜೆಡಿಕೆ (ಜಾವಾ ಡೆವಲಪ್‌ಮೆಂಟ್ ಕಿಟ್) 1.1 ಒಂದು ಕಟ್ಟಳೆ ತಂದಿತು. ಅದೇ ಜಾವಾ ನೇಟಿವ್ ಇಂಟರ್‌ಫೇಸ್, ಅಂದರೆ ಜೆಎನ್ಐ. ಸಾಮಾನ್ಯವಾಗಿ ಜೋಡಣೆ ಆಗುವುದು ಹೆಸರಿನ ಮೇಲೆ: ಸಿ ಫಂಕ್ಷನ್ನಿನ ಹೆಸರು 'ಜಾವಾ' ಎಂದು ಶುರುವಾಗಿ, ಕ್ಲಾಸ್ ಮತ್ತು ಮೆಥಡ್‌ಗಳ ಹೆಸರನ್ನು ಅಂಡರ್‌ಸ್ಕೋರ್ ಹಾಕಿ ಪೋಣಿಸಿಕೊಂಡಿರಬೇಕು. ಒಂದಕ್ಷರ ತಪ್ಪಿದರೂ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಆ ಮೆಥಡ್ಡನ್ನು ಕರೆದಾಗಲೇ ಗುಟ್ಟು ರಟ್ಟು.

ಲೆಕ್ಕ ಮಾಡುವ ಕೋಡ್ ಬರೆಯುವುದಕ್ಕಿಂತ ದತ್ತಾಂಶವನ್ನು ಗಡಿ ದಾಟಿಸುವುದೇ ಇಲ್ಲಿ ಹೆಚ್ಚು ತ್ರಾಸದ ಕೆಲಸ. 'ಕನ್ನಡ' ಎಂಬ ಪದವನ್ನೇ ನೋಡಿ. ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ಸೇರಿ ಅದರಲ್ಲಿ 5 ಯೂನಿಕೋಡ್ ಸಂಕೇತಗಳಿವೆ. ಜಾವಾದ ಯುಟಿಎಫ್-16 ಪದ್ಧತಿಯಲ್ಲಿ ಅವು 10 ಬೈಟ್. ಸಿ ಬದಿಗೆ ಯುಟಿಎಫ್-8 ಮಾದರಿಯಲ್ಲಿ ತೆಗೆದುಕೊಂಡರೆ 15. ಉದ್ದ 5 ಎಂದುಕೊಂಡು ಅಷ್ಟೇ ಬೈಟ್ ಜಾಗ ಕಾದಿರಿಸಿದವನ ಪ್ರೋಗ್ರಾಮ್ ಪಕ್ಕದ ಮೆಮೊರಿಯನ್ನು ಕೆಡಿಸುತ್ತದೆ. ಇಂಗ್ಲಿಷ್ ಪದಗಳಲ್ಲಷ್ಟೇ ಪರೀಕ್ಷಿಸುವವರಿಗೆ ಇದು ಕಣ್ಣಿಗೇ ಬೀಳದು, ಅಲ್ಲಿ ಪದದ ಉದ್ದವೂ ಯುಟಿಎಫ್-8 ಬೈಟ್ ಲೆಕ್ಕವೂ ಒಂದೇ!

ಮೆಮೊರಿಯದು ಇನ್ನೊಂದು ಕಥೆ. ಬಳಕೆಯಲ್ಲಿಲ್ಲದ ವಸ್ತುಗಳನ್ನು ತೆಗೆದುಹಾಕುವ ಜಾವಾದ ಗಾರ್ಬೇಜ್ ಕಲೆಕ್ಟರ್, ಉಳಿದವನ್ನು ಬೇಕೆಂದಾಗ ಬೇರೆಡೆಗೆ ಸರಿಸುತ್ತದೆ. ಆದ್ದರಿಂದ ಜೆಎನ್ಐ ಸಿ ಕೋಡಿನ ಕೈಗೆ ವಸ್ತುವಿನ ನೇರ ವಿಳಾಸ ಕೊಡದೆ ಒಂದು ಟೋಕನ್ ಕೊಡುತ್ತದೆ, ಮೆಥಡ್ ಮುಗಿದೊಡನೆ ಅದು ರದ್ದು. ಆಮೇಲೂ ಬೇಕಿದ್ದರೆ 'ಗ್ಲೋಬಲ್' ಟೋಕನ್ ಪಡೆಯಬೇಕು, ಕೆಲಸವಾದ ಮೇಲೆ ಮರೆಯದೆ ಹಿಂದಿರುಗಿಸಬೇಕು. ಮರೆತರೆ ಆ ವಸ್ತು ಮೆಮೊರಿಯಲ್ಲೇ ಉಳಿಯುತ್ತದೆ.

ಜಾವಾದಲ್ಲಿ ಅರೇಯ ಎಲ್ಲೆ ಮೀರಿದರೆ ಎಕ್ಸೆಪ್ಷನ್ ಬರುತ್ತದೆ, ಹಿಡಿದು ಸರಿಪಡಿಸಬಹುದು. ಸಿಯಲ್ಲಿ ಮೀರಿದರೆ ಇಡೀ ಜಾವಾ ವರ್ಚುವಲ್ ಮಷೀನೇ ಕುಸಿಯಬಹುದು. ವೇಗದ ಆಸೆಗೆ ಸಣ್ಣಪುಟ್ಟ ಮೆಥಡ್‌ಗಳನ್ನೂ ಸಿಗೆ ಒಪ್ಪಿಸುವುದು ನನಗೆ ಜಾಣತನವಾಗಿ ಕಾಣುವುದಿಲ್ಲ. ದಾಟುವುದಕ್ಕೇ ಖರ್ಚಿದೆ, ಜೊತೆಗೆ ಜಾವಾದ ಕಂಪೈಲರ್‌ಗೆ ಆಚೆಯ ಕೋಡನ್ನು ಚುರುಕುಗೊಳಿಸಲು ಬರುವುದಿಲ್ಲ. ಒಮ್ಮೆ ಕರೆದರೆ ಬಹಳ ಹೊತ್ತು ದುಡಿಯುವ ಚಿತ್ರಸಂಸ್ಕರಣೆ, ಗೂಢಲಿಪಿಯಂಥ ಕೆಲಸಗಳಿಗೆ ಅದು ಸರಿ.

2024ರ ಜಾವಾ 22ರಲ್ಲಿ ಇನ್ನೊಂದು ದಾರಿ ಪಕ್ಕಾ ಆಯಿತು. ಸಿಯಲ್ಲಿ ಸೇತುವೆ-ಕೋಡ್ ಬರೆಯದೆ, ಜಾವಾದಲ್ಲೇ ಕುಳಿತು ಹೊರಗಿನ ಲೈಬ್ರರಿಯನ್ನು ಕರೆಯಬಹುದು. ಜೆಎನ್ಐ ಹೋಗಿಲ್ಲ. ಆದರೆ 2025ರ ಜಾವಾ 24ರಿಂದ, ಮೊದಲೇ ಅನುಮತಿ ಕೊಡದೆ ಅದನ್ನು ಬಳಸಿದರೆ ತೆರೆಯ ಮೇಲೆ ಎಚ್ಚರಿಕೆ ಮೂಡುತ್ತದೆ.