ಮಾತು ಮರೆತವರ ಲೋಕ

ಪ್ರಾಣಿಗಳಿಗೆ ಮಾತು ಕೊಟ್ಟು ರಾಜ್ಯ ಕಟ್ಟುವ ಕಲ್ಪನೆ ಕನ್ನಡಿಗರಿಗೆ ಹೊಸದಲ್ಲ. 11ನೆಯ ಶತಮಾನದ ದುರ್ಗಸಿಂಹನ 'ಪಂಚತಂತ್ರ'ದಲ್ಲಿ ಸಿಂಹವು ಅರಸನಾಗಿದೆ. ಕರಟಕ ದಮನಕರೆಂಬ ನರಿಗಳು ರಾಜನೀತಿಯನ್ನು ಚರ್ಚಿಸುತ್ತವೆ. ಆದರೆ ಅಲ್ಲಿ ಮನುಷ್ಯರ ಲೋಕವೂ ಸುಭದ್ರವಾಗಿಯೇ ಇದೆ. ಮನುಷ್ಯನ ನಾಗರಿಕತೆಯೇ ಅಳಿದು, ಅದರ ಅವಶೇಷಗಳ ಮೇಲೆ ಪ್ರಾಣಿಗಳು ಸಮಾಜವೊಂದನ್ನು ಕಟ್ಟಿಕೊಂಡರೆ ಅದು ಹೇಗಿದ್ದೀತು? ಫ್ರೆಂಚ್ ಲೇಖಕ ಪಿಯೆರ್ ಬೂಲ್ 1963ರಲ್ಲಿ ಪ್ರಕಟಿಸಿದ ವಾನರಗ್ರಹದ ಕಾದಂಬರಿಯ ವಸ್ತು ಇದೇ ಆಗಿದೆ.

ಬೂಲ್ ಇಂಜಿನಿಯರಿಂಗ್ ಓದಿ, ಮಲಯದ ರಬ್ಬರ್ ತೋಟಗಳಲ್ಲಿ ದುಡಿದು, ಎರಡನೆಯ ಮಹಾಯುದ್ಧದಲ್ಲಿ ಸೆರೆವಾಸ ಅನುಭವಿಸಿದವನು. ಅವನು ಕಲ್ಪಿಸಿದ ಸಮಾಜದಲ್ಲಿ ಬಾಲವಿಲ್ಲದ ಮಹಾವಾನರರು ಮೂರು ಪಂಗಡಗಳಾಗಿದ್ದಾರೆ. ಗೊರಿಲ್ಲಾಗಳದು ತೋಳ್ಬಲ ಮತ್ತು ಅಧಿಕಾರ. ಒರಾಂಗುಟಾನ್‌ಗಳು ಹಳೆಯ ಪಾಠವನ್ನೇ ಒಪ್ಪಿಸುವ ಅಧಿಕೃತ ಪಂಡಿತರು. ಚಿಂಪಾಂಜಿಗಳು ಪ್ರಶ್ನಿಸುವವರು, ಸಂಶೋಧಕರು. ಮನುಷ್ಯರೋ ಮಾತು ಮರೆತು ಕಾಡಿನಲ್ಲಿ ಅಲೆಯುವ ಮೃಗಗಳು!

1968ರಲ್ಲಿ ಅಮೆರಿಕದಲ್ಲಿ ಇದು ಚಲನಚಿತ್ರವಾಯಿತು. ಕಾದಂಬರಿಯ ವಾನರರಿಗೆ ಮೋಟಾರು, ವಿಮಾನಗಳಿದ್ದವು. ಅಂತಹ ನಗರವನ್ನು ನಿರ್ಮಿಸಲು ಹಣ ಬಹಳ ಬೇಕಾದ್ದರಿಂದ, ಚಿತ್ರದಲ್ಲಿ ಕಲ್ಲಿನ ಮನೆ, ಕುದುರೆ, ಬಂಡಿಗಳು ಬಂದವು. ಮಿತವ್ಯಯದಿಂದ ಕಥೆಗೆ ಮಧ್ಯಯುಗದ ಛಾಯೆ ಒದಗಿತು. ಅಲ್ಲಿನ ಜೇಯಸ್ ಎಂಬ ಒರಾಂಗುಟಾನ್ ವಿಜ್ಞಾನದ ಮಂತ್ರಿಯೂ ಹೌದು, ಧರ್ಮರಕ್ಷಕನೂ ಹೌದು. ಗುಹೆಯೊಂದರಲ್ಲಿ ಹಳೆಯ ಕಾಲದ, ಮಾತನಾಡುವ ಮನುಷ್ಯಗೊಂಬೆ ದೊರೆತಾಗ, ಅವನು ಆ ಗುಹೆಯನ್ನೇ ಸಿಡಿಸಿ ಮುಚ್ಚಿಸುತ್ತಾನೆ. ಸತ್ಯವನ್ನು ಬಲ್ಲವನೇ ಅದನ್ನು ಹೂಳುತ್ತಾನೆ.

ಚಿತ್ರದಲ್ಲಿ ಮನುಷ್ಯಕುಲ ಅಳಿದುದು ಯುದ್ಧದಿಂದ. ಕಡಲತೀರದ ಮರಳಿನಲ್ಲಿ ಅರ್ಧ ಹೂತ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಯೇ ಅದಕ್ಕೆ ಸಾಕ್ಷಿ. ಕಾದಂಬರಿಯಲ್ಲಾದರೋ ಅಂತಹ ಮಹಾಯುದ್ಧವೇ ಇಲ್ಲ. ವಾನರರು ಮನುಷ್ಯರ ಕೆಲಸಗಳನ್ನು ನೋಡಿ ನೋಡಿ ಕಲಿತರು. ಮನುಷ್ಯರು ಆಲಸ್ಯದಿಂದ ಮೊದಲು ಓದುವುದನ್ನು, ಬಳಿಕ ಯೋಚಿಸುವುದನ್ನು ಬಿಟ್ಟರು. ಕೊನೆಗೆ ಮನೆಗಳನ್ನೂ ಬಿಟ್ಟುಕೊಟ್ಟರು. ಉಪಾಧ್ಯಾಯನಾದ ನನಗೆ ಬಾಂಬಿಗಿಂತ ಈ ಆಲಸ್ಯವೇ ಹೆಚ್ಚು ಭಯಂಕರವಾಗಿ ಕಾಣುತ್ತದೆ.

ಕಾಸರಗೋಡಿನ ಹಳ್ಳಿಯೊಂದರ ನಮ್ಮ ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಈ ಕಥೆ ಹೇಳಿ, ತಾವೂ ಅಂತಹ ಲೋಕವೊಂದನ್ನು ಕಲ್ಪಿಸಿ ಬರೆಯುವಂತೆ ಸೂಚಿಸಿದೆನು. ಮೂರು ಪ್ರಶ್ನೆಗಳನ್ನು ಕೊಟ್ಟಿದ್ದೆನು: ಯಾವ ಪ್ರಾಣಿಗೆ ಯಾವ ಕೆಲಸ? ಹಳೆಯ ಲೋಕದಿಂದ ಉಳಿದ ವಸ್ತು ಯಾವುದು? ಅದರ ಅರ್ಥ ಬಲ್ಲವರು ಯಾರು?

ಆನೆಗಳು ಮರ ಸಾಗಿಸಿದವು, ಕಾಗೆಗಳು ಟಪಾಲು ಹಂಚಿದವು, ನರಿಯೊಂದು ನ್ಯಾಯಾಧೀಶನಾಯಿತು. ಒಬ್ಬ ಹುಡುಗನ ಬರಹ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಅವನ ಮಂಗಗಳು ಪಾಳುಬಿದ್ದ ಶಾಲೆಯೊಂದನ್ನು ಸೇರುತ್ತವೆ. ಗೋಡೆಯ ಮೇಲಿನ ಕರಿಹಲಗೆಯಲ್ಲಿ ಅಕ್ಷರಗಳು ಇನ್ನೂ ಉಳಿದಿವೆ. ಮಂಗಗಳು ಅದನ್ನೇ ದೇವರೆಂದು ಬಗೆದು, ಕುಂಕುಮ ಹಚ್ಚಿ, ದಿನವೂ ಹೂವೇರಿಸುತ್ತವೆ.

"ಹಲಗೆಯಲ್ಲಿ ಏನು ಬರೆದಿತ್ತು?" ಎಂದು ಕೇಳಿದೆನು.

"ಕನ್ನಡ, ಮಾಸ್ಟ್ರೇ. ಆದರೆ ಓದಲಿಕ್ಕೆ ಯಾರೂ ಇರಲಿಲ್ಲ," ಎಂದನು.

ಅವನು ಅದನ್ನು ದುಃಖದಿಂದ ಹೇಳಲಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರವೆಂದು ಹೇಳಿದನು, ಅಷ್ಟೆ. ನಮ್ಮ ಮನೆಗಳಲ್ಲಿಯೂ ಹಿರಿಯರ ಪುಸ್ತಕಗಳು ದೇವರ ಕೋಣೆಯ ಕಪಾಟಿನಲ್ಲಿವೆ. ನವರಾತ್ರಿಯಲ್ಲಿ ಅವುಗಳಿಗೆ ಪೂಜೆಯೂ ಸಲ್ಲುತ್ತದೆ. ಈ ಸಲ ಪೂಜೆ ಮುಗಿದ ಮೇಲೆ ಒಂದನ್ನಾದರೂ ತೆರೆದು, ಮಗುವಿನಿಂದ ಒಂದು ಪುಟ ಓದಿಸಿರಿ.