ಚೌಕಿಯಲ್ಲೇ ಉಳಿದ ವೇಷ

ಭಾಗವತರು ಪದವನ್ನೆತ್ತಿದ್ದಾರೆ, ಮದ್ದಳೆ, ಚಂಡೆಗಳು ಮೊಳಗುತ್ತಿವೆ, ಆದರೆ ರಂಗಸ್ಥಳಕ್ಕೆ ಬರಬೇಕಾದ ವೇಷವೇ ಬಾರದು! ಕುಮಟಾ ತಾಲ್ಲೂಕಿನ ಸಂತೆಗುಳಿಯಲ್ಲಾಗಲಿ, ನೆರೆಯ ಹೊನ್ನಾವರ, ಭಟ್ಕಳಗಳಲ್ಲಾಗಲಿ ಬಯಲಾಟ ನೋಡಿ ಬೆಳೆದವರಿಗೆ ಈ ಇಕ್ಕಟ್ಟನ್ನು ವಿವರಿಸಬೇಕಾಗಿಲ್ಲ. ವೇಷಧಾರಿ ಊರಿಗೇ ಬಂದಿಲ್ಲವೆ? ಬಂದವನು ಚೌಕಿಯಲ್ಲಿ ಇನ್ನೂ ಬಣ್ಣ ಹಚ್ಚಿಕೊಳ್ಳುತ್ತಿರುವನೆ? ಅಥವಾ ಆ ರಾತ್ರಿಯ ಪಟ್ಟಿಯಲ್ಲಿ ಅವನ ಹೆಸರನ್ನೇ ಬರೆಯಲಿಲ್ಲವೆ?

ದೊಡ್ಡ ಕಛೇರಿ, ಕಾರ್ಖಾನೆಗಳ ಗಣಕಯಂತ್ರಗಳಲ್ಲಿಯೂ ಇಂಥದೇ ಇಕ್ಕಟ್ಟು ಒದಗುವುದುಂಟು. ಸಂಬಳ, ಉಗ್ರಾಣ, ಖರೀದಿ, ಮಾರಾಟ ಇವೆಲ್ಲದರ ಲೆಕ್ಕವನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಬೃಹತ್ ತಂತ್ರಾಂಶಗಳು ಇಂದು ಬಳಕೆಯಲ್ಲಿವೆ. ಇವುಗಳಲ್ಲಿ ಹೆಸರಾದದ್ದು ಸ್ಯಾಪ್. 1972ರಲ್ಲಿ ಐಬಿಎಂ ಸಂಸ್ಥೆಯನ್ನು ಬಿಟ್ಟುಬಂದ ಐವರು ಇಂಜಿನಿಯರುಗಳು ಜರ್ಮನಿಯಲ್ಲಿ ಇದಕ್ಕೆ ಅಡಿಪಾಯ ಹಾಕಿದರು. 1998ರಲ್ಲಿ ಬೆಂಗಳೂರಿನಲ್ಲಿಯೂ ಆ ಸಂಸ್ಥೆಯ ಸಂಶೋಧನ ಕೇಂದ್ರ ತೆರೆಯಿತು. ಇಂಥ ತಂತ್ರಾಂಶಗಳ ಆರೈಕೆಯೇ ಇಂದು ಕನ್ನಡ ನಾಡಿನ ಎಷ್ಟೋ ಮನೆಗಳ ಮಕ್ಕಳ ಉದ್ಯೋಗ. ನಡುರಾತ್ರಿ ಮಗನ ಫೋನು ಬಾರಿಸಿದರೆ, ಎಲ್ಲಿಯೋ ಒಂದು ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ನಿಂತಿದೆಯೆಂದು ತಾಯಿ ಊಹಿಸಬಹುದು.

ಮೂರು ಮನೆಗಳ ಸಂಸಾರ

ಈ ತಂತ್ರಾಂಶ ಒಂದೇ ಅಖಂಡ ವಸ್ತುವಲ್ಲ. ಅದು ಸಾವಿರಾರು ಘಟಕಗಳ ಸಮೂಹ. ಒಂದು ಘಟಕ ಇನ್ನೊಂದನ್ನು ಹೆಸರು ಹಿಡಿದು ಕರೆಯುತ್ತದೆ. ಕರೆದಾಗ ಆ ಹೆಸರಿನ ಘಟಕ ಅಲ್ಲಿಲ್ಲದಿದ್ದರೆ ಯಂತ್ರ 'ಪ್ರೋಗ್ರಾಂ ಸಿಗಲಿಲ್ಲ' ಎಂದು ಸಾರಿ, ಕೆಲಸವನ್ನು ಅರ್ಧಕ್ಕೇ ಕೈಬಿಡುತ್ತದೆ.

ನಿನ್ನೆಯವರೆಗೆ ಇದ್ದ ಸೌಖ್ಯ ಇಂದು ಕೆಟ್ಟದ್ದೇಕೆ? ಸಾಮಾನ್ಯವಾಗಿ ಸ್ಯಾಪ್‌ಗೆ ಮೂರು ಮನೆಗಳು. ಮೊದಲನೆಯದರಲ್ಲಿ ಘಟಕವನ್ನು ಬರೆಯುತ್ತಾರೆ, ಎರಡನೆಯದರಲ್ಲಿ ಪರೀಕ್ಷಿಸುತ್ತಾರೆ, ಮೂರನೆಯದರಲ್ಲಿ ನಿಜವಾದ ವ್ಯವಹಾರ ನಡೆಯುತ್ತದೆ. ಮನೆಯಿಂದ ಮನೆಗೆ ಘಟಕಗಳು ಒಂದು ಪಟ್ಟಿಯ ಪ್ರಕಾರ ಸಾಗುತ್ತವೆ. ಅದಕ್ಕೆ ಟ್ರಾನ್ಸ್‌ಪೋರ್ಟ್ ರಿಕ್ವೆಸ್ಟ್ ಎಂದು ಹೆಸರು. ತೊಡಕು ಹುಟ್ಟುವುದು ಬಹುಮಟ್ಟಿಗೆ ಈ ಪ್ರಯಾಣದಲ್ಲಿಯೇ. ಬರೆದವನು ಘಟಕವನ್ನು ತನ್ನ ತಾತ್ಕಾಲಿಕ ಕೋಣೆಯಲ್ಲಿ ಇಟ್ಟುಕೊಂಡಿದ್ದರೆ ಅದು ಪಟ್ಟಿಗೆ ಸೇರುವುದೇ ಇಲ್ಲ. ಎರಡು ಪಟ್ಟಿಗಳು ಹಿಂದುಮುಂದಾಗಿ ಹೊರಟರೆ, ಕರೆಯುವ ಘಟಕ ಮೊದಲು ಬಂದು, ಕರೆಯಿಸಿಕೊಳ್ಳಬೇಕಾದದ್ದು ಹಿಂದೆ ಉಳಿಯುತ್ತದೆ. ಬರೆದವನ ಮನೆಯಲ್ಲಿ ಮಾತ್ರ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುತ್ತದೆ!

ಹುಡುಕುವ ಬಗೆ

ನುರಿತವರು ಮೊದಲು ಮಾಡುವುದು ಹೊಸದಾಗಿ ಬರೆಯುವುದಲ್ಲ, ಓದುವುದು. ಯಂತ್ರ ಬಿಟ್ಟುಹೋದ ದೋಷವರದಿಯಲ್ಲಿ ಕಾಣೆಯಾದ ಘಟಕದ ಹೆಸರೂ ಅದನ್ನು ಕರೆದ ಘಟಕದ ಹೆಸರೂ ಇರುತ್ತವೆ. ಆ ಹೆಸರು ವ್ಯವಹಾರದ ಮನೆಯ ದಾಖಲೆಯಲ್ಲಿದೆಯೆ ಎಂಬುದು ಮುಂದಿನ ಪ್ರಶ್ನೆ. ಇಲ್ಲವಾದರೆ ಮೊದಲನೆಯ ಮನೆಯಲ್ಲಿ ಹುಡುಕಬೇಕು. ಅಲ್ಲಿದ್ದರೆ ಯಾವ ಪಟ್ಟಿಯಲ್ಲಿ ಹೊರಟಿತೆಂದು ನೋಡಬೇಕು. ಪ್ರತಿ ಸಾಗಣೆಗೂ ಯಂತ್ರ ಅಂಕವನ್ನು ಕೊಡುತ್ತದೆ: 0 ಎಂದರೆ ಕ್ಷೇಮ, 4 ಎಂದರೆ ಎಚ್ಚರಿಕೆ, 8 ಎಂದರೆ ದೋಷ. 8 ಬಂದಿದ್ದರೂ ಯಾರೂ ಕಣ್ಣು ಹಾಯಿಸದೆ ಬಿಟ್ಟಿದ್ದರೆ, ಕಳ್ಳ ಸಿಕ್ಕಂತೆಯೇ ಸರಿ. ಮೊದಲನೆಯ ಮನೆಯಲ್ಲಿಯೂ ಘಟಕವಿಲ್ಲದಿದ್ದರೆ, ಹಳೆಯದೆಂದು ಅಳಿಸಿದ ಹೆಸರನ್ನು ಯಾವುದೋ ನಿತ್ಯದ ಕೆಲಸ ಇನ್ನೂ ಕರೆಯುತ್ತಿರಬಹುದು.

ಸಂಬಳದ ದಿನ ಹತ್ತಿರ ಬಂದಾಗ, ವ್ಯವಹಾರದ ಮನೆಯ ಬೀಗವನ್ನೇ ತೆಗೆಸಿ ಅಲ್ಲಿಯೇ ಏನಾದರೂ ಬರೆದುಬಿಡುವ ಆತುರ ಹುಟ್ಟುವುದು ಸಹಜ. ಆ ತೇಪೆ ಪರೀಕ್ಷೆಯನ್ನೂ ಕಾಣದು, ಮೊದಲನೆಯ ಮನೆಗೂ ತಿಳಿಯದು; ಮುಂದಿನ ಸಾಗಣೆ ಅದನ್ನು ಅಳಿಸಿಹಾಕಬಹುದು.

ನಲವತ್ತೈದು ನಿಮಿಷ

ಇಂಥ ಆತುರದ ಬೆಲೆಯೇನೆಂಬುದನ್ನು ಷೇರುಪೇಟೆಯ ಒಂದು ಪ್ರಕರಣ ಲೋಕಕ್ಕೆ ತೋರಿಸಿತು. ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆ ತನ್ನ 8 ಸರ್ವರುಗಳಿಗೆ ಹೊಸ ಕೋಡನ್ನು ಸಾಗಿಸಬೇಕಾಗಿತ್ತು. 7ಕ್ಕೆ ಮಾತ್ರ ಸಾಗಿಸಲಾಯಿತು. ಎಂಟನೆಯದು ಬಿಟ್ಟುಹೋದದ್ದನ್ನು ಮರುಪರಿಶೀಲಿಸುವ ಎರಡನೆಯ ಕಣ್ಣು ಇರಲಿಲ್ಲ. 2012ರ ಆಗಸ್ಟ್ 1ರ ಬೆಳಿಗ್ಗೆ ಪೇಟೆ ತೆರೆಯುವ ಮೊದಲೇ ಯಂತ್ರ ತಾನಾಗಿ 97 ಸಂದೇಶಗಳನ್ನು ಸಿಬ್ಬಂದಿಗೆ ಕಳುಹಿಸಿತು. ಅದರ ಸೂಚನೆಯನ್ನು ಯಾರೂ ಗ್ರಹಿಸಲಿಲ್ಲ. ಪೇಟೆ ತೆರೆದೊಡನೆ ಎಂಟನೆಯ ಸರ್ವರಿನಲ್ಲಿ ಮಲಗಿದ್ದ ಹಳೆಯ ಕೋಡ್ ಎಚ್ಚೆತ್ತು, ಬೇಡದ ಷೇರುಗಳ ವ್ಯಾಪಾರಕ್ಕೆ ಇಳಿಯಿತು. ಗಾಬರಿಗೊಂಡವರು ಸರಿಯಾಗಿದ್ದ ಏಳರಿಂದಲೂ ಹೊಸ ಕೋಡನ್ನು ತೆಗೆದರು, ಅನಾಹುತ ಇಮ್ಮಡಿಸಿದಂತಾಯಿತು. ಸುಮಾರು 45 ನಿಮಿಷಗಳ ವ್ಯಾಪಾರದಿಂದ ಉಂಟಾದ ನಷ್ಟ 46 ಕೋಟಿ ಡಾಲರಿಗೂ ಮಿಗಿಲು. ಮರುವರ್ಷ ಆ ಸಂಸ್ಥೆ ಇನ್ನೊಂದರಲ್ಲಿ ವಿಲೀನವಾಯಿತು.

ಎಂಟನೆಯ ಸರ್ವರಿಗೆ ಬೇಕಾದ ಕೋಡ್ ಎಲ್ಲಿಯೂ ಕಳೆದುಹೋಗಿರಲಿಲ್ಲ. ಪಕ್ಕದ ಏಳರಲ್ಲಿಯೂ ಭದ್ರವಾಗಿತ್ತು. 'ಕಾಣೆ' ಎಂದು ಯಂತ್ರ ಹೇಳಿದ್ದು ಹೆಚ್ಚಿನ ವೇಳೆ ದಾರಿಯಲ್ಲಿ ಹಿಂದುಳಿದದ್ದಷ್ಟೇ. ಪಟ್ಟಿಯನ್ನು ಇನ್ನೊಬ್ಬರಿಂದ ಓದಿಸುವ ಐದು ನಿಮಿಷದ ತಾಳ್ಮೆ ಇದ್ದರೆ, ನಡುರಾತ್ರಿಯ ಎಷ್ಟೋ ಫೋನುಗಳು ಬಾರಿಸಬೇಕಾಗಿಯೇ ಇಲ್ಲ.